ಪರದೆ ನೋಡದ ಪರೀಕ್ಷಕರು

"ಮೇಡಂ, ಒಬ್ಬರು ಕಲಿತದ್ದು ಸಾಕು ಎಂದು ಸಹಿ ಹಾಕುವವರಿಗೆ ಹೇಗೆ ಗೊತ್ತಾಗುತ್ತದೆ?"

ಕೇಳಿದವನು ಡಾಕ್ಟರ್ ತಿಪ್ಪೇಶ. ರೋಬೋಟಿನ ನೆರವಿನಿಂದ ಹೃದಯದ ಶಸ್ತ್ರಚಿಕಿತ್ಸೆ ಮಾಡುವುದನ್ನು ಅವನು ಡಾಕ್ಟರ್ ಪದ್ಮಾವತಿ ಉಪಾಧ್ಯೆಯವರ ಬಳಿ ಕಲಿತಿದ್ದ. ಕಲಿತು, ಪರೀಕ್ಷೆ ಪಾಸಾಗಿ, ಕೆಲವು ವರ್ಷ ಕೆಲಸ ಮಾಡಿ, ಈಗ ತಾನೇ ಪರೀಕ್ಷಕನಾಗಿದ್ದ. ಮರುದಿನ ಮೊದಲ ಸಲ ಇನ್ನೊಬ್ಬರ ಪ್ರಮಾಣಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಹಾಕದೆ ಎದ್ದು ಬರಬೇಕು. ಅದಕ್ಕೇ ಗುರುಗಳನ್ನು ಹುಡುಕಿಕೊಂಡು ಬಂದಿದ್ದ.

"ನಿಯಮಗಳನ್ನೆಲ್ಲ ಓದಿದ್ದೇನೆ," ಎಂದ. "ಎಷ್ಟು ಅಭ್ಯಾಸ ಆಗಿರಬೇಕು, ಹೊಲಿಗೆ ಹೇಗಿರಬೇಕು, ಎಲ್ಲ ಬರೆದಿದ್ದಾರೆ. ಆದರೂ ಧೈರ್ಯ ಬರುತ್ತಿಲ್ಲ. ನಾನು ಏನನ್ನು ನೋಡಬೇಕು?"

ಪದ್ಮಾವತಿಯವರು ಊಟ ಮುಗಿಸಿ ಕೈ ತೊಳೆದು ಬಂದು ಕುಳಿತರು.

"ಕೂತುಕೋ," ಎಂದರು. "ಒಬ್ಬ ಶಸ್ತ್ರವೈದ್ಯನ ವಿಷಯ ಹೇಳುತ್ತೇನೆ."

ಅವರು ಹೇಳಿದ್ದು ಇದು.

ಒಂದು ಊರಿನಲ್ಲಿ ಒಬ್ಬ ಹೃದಯದ ಶಸ್ತ್ರವೈದ್ಯನಿದ್ದ. ಎದೆಯ ಮೂಳೆ ಸೀಳಿ, ಹೃದಯವನ್ನು ಕಣ್ಣೆದುರಿಗೆ ಇಟ್ಟುಕೊಂಡು ಸರಿಪಡಿಸುವುದರಲ್ಲಿ ಸುತ್ತಲ ಜಿಲ್ಲೆಗಳಲ್ಲಿ ಅವನಿಗೆ ಸಮಾನರಿರಲಿಲ್ಲ. ಬೇರೆಯವರು ಆಗದು ಎಂದು ಕಳಿಸಿದ ರೋಗಿಗಳು ಅವನ ಬಳಿಗೆ ಬರುತ್ತಿದ್ದರು. ಅವರಲ್ಲಿ ಹೆಚ್ಚಿನವರು ನಡೆದುಕೊಂಡು ಮನೆಗೆ ಹೋಗುತ್ತಿದ್ದರು.

ಅವನು ಒಳ್ಳೆಯವನು. ರೋಗಿಗಳ ಹೆಸರು ಮರೆಯುತ್ತಿರಲಿಲ್ಲ. ಆದರೆ ಆಪರೇಷನ್ ಥಿಯೇಟರಿನಲ್ಲಿ ಅವನಿಗೆ ಮೌನ ಬೇಕಿತ್ತು. ಅವನು ಕೇಳಿದರೆ ಉತ್ತರ ಕೊಡಬಹುದಿತ್ತು. ಯಾರಾದರೂ ತಾವಾಗಿ ಬಾಯಿ ತೆರೆದರೆ ತಲೆ ಎತ್ತಿ ಒಮ್ಮೆ ನೋಡುತ್ತಿದ್ದ. ಆ ನೋಟವೇ ಸಾಕಾಗುತ್ತಿತ್ತು. ಅದರಿಂದ ಯಾವ ತೊಂದರೆಯೂ ಆಗಿರಲಿಲ್ಲ. ತೆರೆದ ಎದೆಯಲ್ಲಿ ನೋಡಬೇಕಾದದ್ದನ್ನೆಲ್ಲ ಅವನೇ ನೋಡುತ್ತಿದ್ದ.

ಆ ಆಸ್ಪತ್ರೆಗೆ ರೋಬೋಟು ಬಂತು.

ಅದರಲ್ಲಿ ವೈದ್ಯ ರೋಗಿಯ ಪಕ್ಕ ನಿಲ್ಲುವುದಿಲ್ಲ. ದೂರದ ಒಂದು ಆಸನದಲ್ಲಿ ಕೂರುತ್ತಾನೆ. ಎದುರಿನ ಕಿಂಡಿಗೆ ಕಣ್ಣಿಟ್ಟು, ಎರಡು ಹಿಡಿಕೆಗಳನ್ನು ಬೆರಳಿನಿಂದ ಆಡಿಸುತ್ತಾನೆ. ಅವನ ಬೆರಳು ಆಡಿದ ಹಾಗೆ ರೋಬೋಟಿನ ತೋಳುಗಳು ರೋಗಿಯ ಪಕ್ಕೆಲುಬುಗಳ ನಡುವಿನ ಸಣ್ಣ ರಂಧ್ರಗಳಿಂದ ಒಳಗೆ ಹೋಗಿ ಕೆಲಸ ಮಾಡುತ್ತವೆ. ಮೂಳೆ ಸೀಳುವುದಿಲ್ಲ. ರೋಗಿ ಬೇಗ ಮನೆಗೆ ಹೋಗುತ್ತಾನೆ. ಆದರೆ ವೈದ್ಯನಿಗೆ ಹೃದಯದ ಒಳಗು ಬಿಟ್ಟು ಬೇರೇನೂ ಕಾಣುವುದಿಲ್ಲ. ಕೈಗೆ ಸ್ಪರ್ಶವೂ ತಿಳಿಯುವುದಿಲ್ಲ. ರೋಗಿಯ ಪಕ್ಕದಲ್ಲಿ ಒಬ್ಬ ಸಹಾಯಕ ವೈದ್ಯ ಮತ್ತು ಒಬ್ಬ ನರ್ಸ್ ಇರುತ್ತಾರೆ. ತೋಳುಗಳ ಉಪಕರಣ ಬದಲಿಸುವವರು ಅವರು. ಹೊರಗಿನದ್ದು ಕಾಣುವುದು ಅವರಿಗೆ.

ಶಸ್ತ್ರವೈದ್ಯನ ವಯಸ್ಸು ಐವತ್ತು ದಾಟಿತ್ತು. ಕಲಿಯಲೇಬೇಕೆಂದು ಯಾರೂ ಹೇಳಲಿಲ್ಲ. ಅವನೇ ಹೋಗಿ ಕಲಿಯುವವರ ಸಾಲಿನಲ್ಲಿ ಕುಳಿತ. ತನ್ನ ಮಕ್ಕಳ ವಯಸ್ಸಿನವರ ಜೊತೆ ಕಂಪ್ಯೂಟರಿನ ಮುಂದೆ ಕುಳಿತು, ಪರದೆಯೊಳಗಿನ ಉಂಗುರಗಳನ್ನು ಹಿಡಿಕೆಯಿಂದ ಆಡಿಸಿ ಗೂಟಕ್ಕೆ ಹಾಕಿದ. ಉಂಗುರಗಳು ಬಿದ್ದವು. ಮತ್ತೆ ಹಾಕಿದ. ಕಸಾಯಿಖಾನೆಯಿಂದ ತಂದ ಕುರಿಯ ಹೃದಯಗಳನ್ನು ರೋಬೋಟಿನಿಂದ ಹೊಲಿದ. ದಾರ ಎಷ್ಟು ಬಿಗಿಯಾಗಿದೆ ಎಂಬುದು ಕೈಗೆ ಗೊತ್ತಾಗದೆ ಕಿತ್ತುಹೋಗುತ್ತಿತ್ತು. ಕಣ್ಣಿನಿಂದಲೇ ಬಿಗಿ ತಿಳಿಯುವುದನ್ನು ಕಲಿತ. ಮಾಂಸ ಬಿಳಿಚಿಕೊಳ್ಳುವ ಮೊದಲೇ ದಾರ ಸಡಿಲಿಸಿದ. ಆಮೇಲೆ ದಾರ ಕಿತ್ತುಹೋಗಲಿಲ್ಲ.

ಅವನಿಗೆ ಆ ಕೆಲಸ ಹಿಡಿಸಿತು. ಮನೆಯಲ್ಲಿ ಊಟಕ್ಕೆ ಕುಳಿತಾಗಲೂ ಬೆರಳುಗಳು ಗಾಳಿಯಲ್ಲಿ ಗಂಟು ಹಾಕುತ್ತಿದ್ದವು. ಹೆಂಡತಿ ನೋಡಿ ನಗುತ್ತಿದ್ದಳು.

ಜೊತೆಯಲ್ಲಿ ಕಲಿತವರೆಲ್ಲರಿಗಿಂತ ಅವನ ಹೊಲಿಗೆ ಚೆನ್ನಾಯಿತು. ಕೊನೆಗೆ ರೋಗಿಯ ಮೇಲೆ ಕೆಲಸ ಮಾಡಿ ತೋರಿಸುವ ಪರೀಕ್ಷೆ ಬಂತು. ಬೇರೆ ಊರಿನಿಂದ ಒಬ್ಬ ಪರೀಕ್ಷಕರು ಬಂದರು. ವಯಸ್ಸಾದವರು, ಹೆಚ್ಚು ಮಾತಿಲ್ಲದವರು.

ರೋಗಿ ಒಬ್ಬ ನೇಕಾರ. ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚದೆ ರಕ್ತ ಹಿಂದಕ್ಕೆ ಸೋರುತ್ತಿತ್ತು. ಮಗ್ಗದ ಮುಂದೆ ಸ್ವಲ್ಪ ಹೊತ್ತು ಕುಳಿತರೆ ಏದುಸಿರು ಬರುತ್ತಿತ್ತು.

ಹೃದಯವನ್ನು ನಿಲ್ಲಿಸಿ, ರಕ್ತವನ್ನು ಯಂತ್ರದ ಮೂಲಕ ಹರಿಸಿ, ಕೆಲಸ ಶುರುವಾಯಿತು. ಶಸ್ತ್ರವೈದ್ಯ ಆಸನದಲ್ಲಿ ಕುಳಿತು ಕವಾಟ ಹೊಲಿದ. ಪರೀಕ್ಷಕರು ಅವನ ಪಕ್ಕದಲ್ಲಿ ಕುಳಿತು ಪರದೆಯ ಮೇಲೆ ಆ ಹೊಲಿಗೆಯನ್ನು ನೋಡಿದರು. ಅಂಥ ಹೊಲಿಗೆಯನ್ನು ಅವರು ಅಪರೂಪಕ್ಕೆ ನೋಡಿದ್ದರು. ಇನ್ನೇನು ಮುಗಿಯಬೇಕು ಎನ್ನುವಾಗ ಅವರು ಎದ್ದು ರೋಗಿಯ ಹತ್ತಿರ ಹೋದರು. ರೋಬೋಟಿನ ಒಂದು ತೋಳಿನ ಮೊಣಕೈ, ಹೊದಿಸಿದ ಬಟ್ಟೆಯ ಮೇಲಿನಿಂದ ನೇಕಾರನ ಬಲಭುಜವನ್ನು ಒತ್ತಿ ನಿಂತಿತ್ತು.

"ನಿಲ್ಲಿಸಿ," ಎಂದರು ಪರೀಕ್ಷಕರು.

ತೋಳನ್ನು ಸರಿಸಿದರು. ಕೆಲಸ ಮುಗಿಯಿತು. ಕವಾಟದಿಂದ ಒಂದು ಹನಿಯೂ ಸೋರಲಿಲ್ಲ.

ಮರುದಿನ ನೇಕಾರನಿಗೆ ಎಚ್ಚರವಾಯಿತು. ಶಸ್ತ್ರವೈದ್ಯ ನೋಡಲು ಹೋದ.

"ಎದೆ ಹಗುರಾಗಿದೆ, ಸಾರ್," ಎಂದ ನೇಕಾರ. "ಬಲಗೈ ಬೆರಳು ಮಾತ್ರ ನನ್ನ ಮಾತು ಕೇಳುತ್ತಿಲ್ಲ."

ಶಸ್ತ್ರವೈದ್ಯ ತನ್ನ ಬೆರಳನ್ನು ಅವನ ಅಂಗೈಯಲ್ಲಿಟ್ಟು ಹಿಡಿಯಲು ಹೇಳಿದ. ನೇಕಾರ ಹಿಡಿದ. ಆ ಹಿಡಿತ ಕೂಸಿನ ಹಿಡಿತಕ್ಕಿಂತ ಹಗುರಾಗಿತ್ತು.

ನರಕ್ಕೆ ಒತ್ತಡವಾಗಿತ್ತು. ವಾಸಿಯಾಗಬಹುದು ಎಂದು ನರರೋಗದ ವೈದ್ಯರು ಹೇಳಿದರು. ಯಾವಾಗ ಎಂದು ಹೇಳಲಿಲ್ಲ. ಶಸ್ತ್ರವೈದ್ಯ ಇದ್ದದ್ದನ್ನು ಇದ್ದ ಹಾಗೆ ನೇಕಾರನಿಗೆ ತಿಳಿಸಿದ. ನೇಕಾರ ತನ್ನ ಕೈಯನ್ನು ನೋಡಿಕೊಂಡು, "ಕೈ ಬರುವವರೆಗೂ ಬಂದು ನೋಡುತ್ತಿರಿ, ಸಾರ್," ಎಂದ.

ಪರೀಕ್ಷಕರು ಸಹಿ ಹಾಕಲಿಲ್ಲ.

"ನನ್ನ ಹೊಲಿಗೆಯಲ್ಲಿ ಏನಾದರೂ ತಪ್ಪಿತ್ತೇ?" ಎಂದು ಶಸ್ತ್ರವೈದ್ಯ ಕೇಳಿದ.

"ಇಲ್ಲ. ನನಗಿಂತ ಚೆನ್ನಾಗಿ ಹೊಲಿದಿರಿ."

"ಭುಜ ನನಗೆ ಕಾಣುವುದಿಲ್ಲವಲ್ಲ. ಕಾಣದ್ದಕ್ಕೆ ನಾನು ಏನು ಮಾಡಲಿ?"

"ಕಾಣುವ ಜಾಗದಲ್ಲಿ ಕೆಲವು ತಿಂಗಳು ನಿಂತು ಬನ್ನಿ. ಆಮೇಲೆ ನಾನು ಮತ್ತೆ ಬರುತ್ತೇನೆ," ಎಂದು ಪರೀಕ್ಷಕರು ತಮ್ಮ ಊರಿಗೆ ಹೊರಟುಹೋದರು.

ಶಸ್ತ್ರವೈದ್ಯನಿಗೆ ಸಿಟ್ಟು ಬಂತು, ನಾಚಿಕೆಯೂ ಆಯಿತು. ಇಷ್ಟು ಬಿಗಿ ಇಲ್ಲದೆ ಸಹಿ ಸಿಗುವ ಜಾಗಗಳಿವೆ ಎಂದು ಗೆಳೆಯನೊಬ್ಬ ಹೇಳಿದ. ಒಂದು ದಿನ ಅವನು ಅಲ್ಲಿಗೆ ಹೋಗಲು ಟಿಕೆಟ್ ಕೂಡ ತೆಗೆಸಿದ. ಹೊರಡುವ ಮುಂಚೆ ವಾರ್ಡಿಗೆ ಹೋಗಿ ನೇಕಾರನನ್ನು ನೋಡಿದ. ನೇಕಾರ ಎಡಗೈಯಿಂದ ಅನ್ನ ಕಲಸುತ್ತಿದ್ದ. ಶಸ್ತ್ರವೈದ್ಯ ಮನೆಗೆ ಬಂದು ಟಿಕೆಟ್ ರದ್ದು ಮಾಡಿದ.

ಅದೇ ಆಸ್ಪತ್ರೆಯಲ್ಲಿ, ಆಗಲೇ ಪ್ರಮಾಣಪತ್ರ ಪಡೆದಿದ್ದ ಒಬ್ಬ ಯುವ ವೈದ್ಯೆ ರೋಬೋಟಿನಿಂದ ಶಸ್ತ್ರಚಿಕಿತ್ಸೆ ಮಾಡುತ್ತಿದ್ದಳು. ಶಸ್ತ್ರವೈದ್ಯ ಅವಳ ಬಳಿ ಹೋಗಿ, ರೋಗಿಯ ಪಕ್ಕದಲ್ಲಿ ಸಹಾಯಕನಾಗಿ ನಿಲ್ಲಲೇ ಎಂದು ಕೇಳಿದ. ಅವಳು ಗಾಬರಿಯಾದಳು.

"ಸರ್, ನೀವು ನನಗೆ ಸಹಾಯಕರೇ?"

"ನಿಲ್ಲಲು ಹೇಳಿದ್ದಾರೆ. ನಿಲ್ಲುತ್ತೇನೆ," ಎಂದ.

ಅವಳು ಆಸನದಲ್ಲಿ ಕುಳಿತಳು, ಅವನು ರೋಗಿಯ ಪಕ್ಕ ನಿಂತ. ಅಲ್ಲಿಂದ ನೋಡಿದರೆ ಎಲ್ಲವೂ ಬೇರೆ. ಒಳಗೆ ಸಾಸಿವೆಯಷ್ಟು ಕದಲಿಕೆಗೆ ಹೊರಗೆ ತೋಳುಗಳು ಮೊಳದಷ್ಟು ಬೀಸುತ್ತಿದ್ದವು. ರೋಗಿಯ ಮುಖ, ಉಸಿರಿನ ಕೊಳವೆ, ಭುಜ, ಎಲ್ಲ ಆ ತೋಳುಗಳ ಕೆಳಗೇ ಇದ್ದವು.

ಒಂದು ದಿನ ಒಂದು ತೋಳು ಉಸಿರಿನ ಕೊಳವೆಯ ಕಡೆಗೆ ವಾಲುತ್ತಿರುವಂತೆ ಅವನಿಗೆ ಕಂಡಿತು. ಖಚಿತವಿರಲಿಲ್ಲ. ಹೇಳೋಣವೆಂದುಕೊಂಡ. ಆಸನದಲ್ಲಿ ಕುಳಿತವಳು ಸೂಕ್ಷ್ಮವಾದ ಹೊಲಿಗೆಯಲ್ಲಿದ್ದಳು. ಹೇಳಿ, ಅದು ಏನೂ ಅಲ್ಲ ಎಂದಾದರೆ? ಇಷ್ಟು ವರ್ಷದ ಅನುಭವದವನು ಇವನು, ಸುಮ್ಮನೆ ಕೆಲಸ ಕೆಡಿಸಿದ ಎಂದಾದರೆ? ಅವನ ನಾಲಿಗೆ ಏಳಲಿಲ್ಲ. ಅಷ್ಟರಲ್ಲಿ ತೋಳು ತಾನಾಗಿ ಬೇರೆ ಕಡೆಗೆ ಸರಿಯಿತು. ಏನೂ ಆಗಲಿಲ್ಲ. ಯಾರಿಗೂ ಗೊತ್ತಾಗಲಿಲ್ಲ.

ಅವನಿಗೆ ಮಾತ್ರ ಗೊತ್ತಾಯಿತು. ಕೈಗವಸು ಕಳಚಿ ಎಸೆದ.

ಅವನು ನೆಟ್ಟಗೆ ತನ್ನ ಸಹಾಯಕ ವೈದ್ಯನನ್ನು ಹುಡುಕಿಕೊಂಡು ಹೋದ. ನೇಕಾರನ ಶಸ್ತ್ರಚಿಕಿತ್ಸೆಯಲ್ಲಿ ಪಕ್ಕದಲ್ಲಿ ನಿಂತಿದ್ದವನು ಆ ಸಹಾಯಕ. ಕ್ಯಾಂಟೀನಿನಲ್ಲಿ ಒಬ್ಬನೇ ಚಹಾ ಕುಡಿಯುತ್ತಿದ್ದ. ಹಿರಿಯ ವೈದ್ಯರು ಬಂದರೆಂದು ಎದ್ದು ನಿಂತ.

"ಕೂತುಕೋ," ಎಂದ ಶಸ್ತ್ರವೈದ್ಯ. ತಾನೂ ಎದುರಿಗೆ ಕುಳಿತ. "ಅವತ್ತು ಭುಜದ ಮೇಲೆ ತೋಳು ಬಿದ್ದದ್ದು ನೀನು ನೋಡಿದೆಯಾ?"

ಸಹಾಯಕ ತಲೆ ತಗ್ಗಿಸಿದ. "ಬಿದ್ದಿರಬಹುದು ಅನ್ನಿಸಿತು, ಸರ್. ಬಟ್ಟೆ ಹೊದಿಸಿತ್ತು, ಸರಿಯಾಗಿ ಕಾಣಲಿಲ್ಲ."

"ಹೇಳಲಿಲ್ಲ."

"ಹೇಳಿ ಅದು ಸುಳ್ಳಾದರೆ ಅಂತ ಅಂಜಿದೆ, ಸರ್. ದಿನಾ ಅದೇ ನೆನಪಾಗುತ್ತದೆ. ನಿದ್ದೆ ಬರುವುದಿಲ್ಲ."

ಶಸ್ತ್ರವೈದ್ಯ ಅವನನ್ನು ಬೈಯಲಿಲ್ಲ. "ನನಗೂ ಇವತ್ತು ಹಾಗೇ ಆಯಿತು," ಎಂದ. ಇಬ್ಬರೂ ಚಹಾ ಕುಡಿದರು. ಅಷ್ಟು ವರ್ಷ ಜೊತೆಗೆ ಕೆಲಸ ಮಾಡಿದ್ದರೂ ಅವರು ಎದುರುಬದುರು ಕುಳಿತು ಚಹಾ ಕುಡಿದದ್ದು ಅದೇ ಮೊದಲು.

ಆ ವಾರದಿಂದ ಶಸ್ತ್ರವೈದ್ಯ ಹೊಸದೊಂದು ಅಭ್ಯಾಸ ಶುರುಮಾಡಿದ. ಥಿಯೇಟರ್ ಖಾಲಿಯಿರುವಾಗ ತನ್ನ ಜೊತೆಯವರನ್ನೆಲ್ಲ ಕರೆದ. ಸಹಾಯಕ, ನರ್ಸ್, ಅರಿವಳಿಕೆಯ ವೈದ್ಯೆ, ರಕ್ತ ಹರಿಸುವ ಯಂತ್ರ ನಡೆಸುವವನು. ಹಾಸಿಗೆಯ ಮೇಲೆ ಒಂದು ಬೊಂಬೆ ಮಲಗಿಸಿದರು. ಎದೆಯಲ್ಲಿ ರಕ್ತಸ್ರಾವವಾದರೆ ತೋಳುಗಳನ್ನು ಕಳಚಿ, ಎದೆ ತೆರೆಯುವುದು ಹೇಗೆ ಎಂದು ಎಲ್ಲರೂ ಸೇರಿ ಮಾಡಿ ನೋಡಿದರು. ಮೊದಮೊದಲು ಒಬ್ಬರ ಕಾಲಿಗೆ ಒಬ್ಬರು ಸಿಕ್ಕಿಕೊಂಡರು. ಆಮೇಲೆ ದಾರಿ ಬಿಡುವುದನ್ನು ಕಲಿತರು.

"ಯಾರಿಗೆ ಏನೇ ಅನುಮಾನ ಬಂದರೂ 'ನಿಲ್ಲಿಸಿ' ಎನ್ನಿ," ಎಂದ ಶಸ್ತ್ರವೈದ್ಯ. "ಕಾರಣ ಆಮೇಲೆ ಹೇಳಿದರೆ ಸಾಕು."

ಮೊದಲ ದಿನ ಯಾರೂ ಅನ್ನಲಿಲ್ಲ. ಎರಡನೆಯ ದಿನವೂ ಅನ್ನಲಿಲ್ಲ. ಇಷ್ಟು ವರ್ಷ ಅವರನ್ನು ಸುಮ್ಮನಿರಿಸಿದ ನೋಟ ಎರಡು ದಿನದಲ್ಲಿ ಮರೆತುಹೋಗುವಂಥದ್ದಲ್ಲ. ಅವನು ಸಹಾಯಕನನ್ನು ಆಸನದಲ್ಲಿ ಕೂರಿಸಿ, ತಾನು ಬೊಂಬೆಯ ಪಕ್ಕ ನಿಂತ. ತಾನೇ "ನಿಲ್ಲಿಸು" ಎಂದ. ಸಹಾಯಕ ನಿಲ್ಲಿಸಿದ. ಒಂದು ಮಧ್ಯಾಹ್ನ, ಯಂತ್ರ ನಡೆಸುವವನು ಸುಮ್ಮನೆ ಪರೀಕ್ಷೆ ಮಾಡಿ ನೋಡಲೆಂದು "ನಿಲ್ಲಿಸಿ" ಎಂದು ಕೂಗಿದ. ಶಸ್ತ್ರವೈದ್ಯ ಹಿಡಿಕೆ ಬಿಟ್ಟು ಕಿಂಡಿಯಿಂದ ಮುಖ ಎತ್ತಿದ.

"ಏನಾಯಿತು?"

"ಏನಿಲ್ಲ, ಸರ್. ನಿಜವಾಗಿಯೂ ನಿಲ್ಲಿಸುತ್ತೀರೋ ನೋಡೋಣ ಅಂತ."

ಎಲ್ಲರೂ ಅವನ ಮುಖ ನೋಡಿದರು. ಶಸ್ತ್ರವೈದ್ಯ ನಕ್ಕುಬಿಟ್ಟ. ಆಗ ಎಲ್ಲರೂ ನಕ್ಕರು. ಆ ಥಿಯೇಟರಿನಲ್ಲಿ ಅವನ ಎದುರು ಜನ ನಕ್ಕದ್ದನ್ನು ನರ್ಸ್ ಹಿಂದೆ ಕಂಡಿರಲಿಲ್ಲ.

ಅಷ್ಟರಲ್ಲಿ ನೇಕಾರನ ಬೆರಳುಗಳು ಮೆಲ್ಲಗೆ ಬಂದವು. ಮೊದಲು ಹೆಬ್ಬೆರಳು, ಆಮೇಲೆ ಉಳಿದವು. ಶಸ್ತ್ರವೈದ್ಯ ಪ್ರತಿ ವಾರ ಅವನ ಮನೆಗೆ ಹೋಗಿ ತನ್ನ ಬೆರಳನ್ನು ಹಿಡಿಯಲು ಕೊಡುತ್ತಿದ್ದ. ಒಂದು ವಾರ ನೇಕಾರ ಹಿಡಿದ ಬಿಗಿಗೆ ಅವನು "ಅಯ್ಯೋ, ಸಾಕು" ಎನ್ನಬೇಕಾಯಿತು. ಮುಂದಿನ ಸಲ ಹೋದಾಗ ಮಗ್ಗದ ಸದ್ದು ಬೀದಿಗೇ ಕೇಳುತ್ತಿತ್ತು. ಶಸ್ತ್ರವೈದ್ಯ ಒಳಗೆ ಹೋಗದೆ ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತು ಕೇಳಿ, ಹಿಂದಿರುಗಿದ.

ಪರೀಕ್ಷಕರು ಮತ್ತೆ ಬಂದರು.

ಈ ಸಲದ ರೋಗಿ ಹೂ ಮಾರುವ ಒಬ್ಬ ಹೆಂಗಸು. ಅವಳದ್ದೂ ಅದೇ ಕವಾಟದ ತೊಂದರೆ. ಬುಟ್ಟಿ ಹೊತ್ತು ಒಂದು ಬೀದಿ ದಾಟುವಷ್ಟರಲ್ಲಿ ಕುಳಿತುಬಿಡುತ್ತಿದ್ದಳು. ಥಿಯೇಟರಿಗೆ ಕರೆದೊಯ್ಯುವಾಗ ರೋಬೋಟಿನ ತೋಳುಗಳನ್ನು ನೋಡಿ ಅವಳಿಗೆ ಭಯವಾಯಿತು.

"ಇದು ಮಾಡುತ್ತದೋ, ನೀವು ಮಾಡುತ್ತೀರೋ, ಸ್ವಾಮಿ?" ಎಂದು ಕೇಳಿದಳು.

"ಇದಕ್ಕೆ ಏನೂ ಗೊತ್ತಿಲ್ಲಮ್ಮ. ನಾವು ಇಷ್ಟು ಜನ ಸೇರಿ ಮಾಡುತ್ತೇವೆ," ಎಂದ ಶಸ್ತ್ರವೈದ್ಯ. ಒಬ್ಬೊಬ್ಬರನ್ನೂ ತೋರಿಸಿ ಹೆಸರು ಹೇಳಿದ. ಅವಳು ಎಲ್ಲರಿಗೂ ಕೈಮುಗಿದಳು.

ಪರೀಕ್ಷಕರು ಈ ಸಲ ಪರದೆಯ ಮುಂದೆ ಕೂರಲಿಲ್ಲ. ಎಲ್ಲರೂ ಕಾಣುವಂತೆ ಒಂದು ಮೂಲೆಯಲ್ಲಿ ನಿಂತರು.

ಹೃದಯ ನಿಂತಿತು. ಹೊಲಿಗೆ ಶುರುವಾಯಿತು. ಅರ್ಧ ದಾರಿಯಲ್ಲಿ ನರ್ಸ್ ದನಿ ಎತ್ತಿದಳು.

"ಸರ್, ನಿಲ್ಲಿಸಿ. ಒಂದು ಸೂಜಿ ಲೆಕ್ಕಕ್ಕೆ ಸಿಗುತ್ತಿಲ್ಲ."

ಶಸ್ತ್ರವೈದ್ಯನ ಕೈ ಅಲ್ಲೇ ನಿಂತಿತು. ಹೃದಯವನ್ನು ಹೆಚ್ಚು ಹೊತ್ತು ನಿಲ್ಲಿಸಿಡುವಂತಿಲ್ಲ. ಒಂದೊಂದು ನಿಮಿಷಕ್ಕೂ ಬೆಲೆಯಿತ್ತು. ಆದರೆ ಸೂಜಿ ಹೃದಯದೊಳಗೆ ಉಳಿದರೆ ಅದಕ್ಕಿಂತ ಅಪಾಯ. ಅವನು ಕವಾಟದ ಸುತ್ತ ಎಲ್ಲ ನೋಡಿದ. ಸಹಾಯಕ ಬಟ್ಟೆಯ ಮಡಿಕೆಗಳನ್ನು ನೋಡಿದ. ನರ್ಸ್ ತನ್ನ ತಟ್ಟೆಯನ್ನು ಇನ್ನೊಮ್ಮೆ ನೋಡಿದಳು. ಸೂಜಿ ಅಲ್ಲೇ, ಒಂದು ಹತ್ತಿಯ ಬಟ್ಟೆಯ ಅಡಿಯಲ್ಲಿ ಇತ್ತು.

"ಇಲ್ಲೇ ಇದೆ, ಸರ್," ಎಂದಳು. "ನಾನೇ ಸರಿಯಾಗಿ ನೋಡಲಿಲ್ಲ."

ಎಲ್ಲರೂ ಶಸ್ತ್ರವೈದ್ಯನ ಬೆನ್ನನ್ನು ನೋಡಿದರು. ಅವನ ಮುಖ ಕಿಂಡಿಯಲ್ಲಿತ್ತು, ಯಾರಿಗೂ ಕಾಣುತ್ತಿರಲಿಲ್ಲ.

"ಸಿಕ್ಕಿತಲ್ಲ, ಒಳ್ಳೆಯದಾಯಿತು," ಎಂದ ಅವನು. "ನಿಲ್ಲಿಸಿದ್ದು ಸರಿ, ಸಿಸ್ಟರ್. ಮುಂದಿನ ದಾರ ಕೊಡಿ."

ಹೊಲಿಗೆ ಮುಂದುವರಿಯಿತು. ಪರೀಕ್ಷಕರು ಮೂಲೆಯಲ್ಲಿ ನಿಂತೇ ಇದ್ದರು.

ಸ್ವಲ್ಪ ಹೊತ್ತಾಯಿತು. ಅದೇ ನರ್ಸ್ ಮತ್ತೆ ಹೇಳಿದಳು.

"ಸರ್, ನಿಲ್ಲಿಸಿ. ಬಲಗಡೆಯ ತೋಳು ಭುಜಕ್ಕೆ ಹತ್ತಿರವಾಯಿತೇನೋ. ನನಗೆ ಖಚಿತವಿಲ್ಲ."

ಶಸ್ತ್ರವೈದ್ಯ ಮತ್ತೆ ನಿಲ್ಲಿಸಿದ. ಸಹಾಯಕ ಬಟ್ಟೆಯ ಅಡಿಗೆ ಕೈ ಹಾಕಿ ನೋಡಿದ. ತೋಳಿಗೂ ಭುಜಕ್ಕೂ ನಡುವೆ ಅವನ ಅಂಗೈ ಸಲೀಸಾಗಿ ಆಡಿತು.

"ಜಾಗ ಇದೆ, ಸರ್."

"ಸರಿ. ಹಾಗೇ ನೋಡುತ್ತಿರಿ," ಎಂದು ಅವನು ಮತ್ತೆ ಹೊಲಿಯತೊಡಗಿದ.

ಪರೀಕ್ಷಕರು ಒಂದು ಸ್ಟೂಲ್ ಎಳೆದುಕೊಂಡು ಕುಳಿತರು. ಜೇಬಿನಿಂದ ಪೆನ್ನು ತೆಗೆದು, ಅಲ್ಲೇ ತೊಡೆಯ ಮೇಲೆ ಕಾಗದ ಇಟ್ಟುಕೊಂಡು ಸಹಿ ಹಾಕಿದರು. ಹೊಲಿಗೆ ಆಗ ಇನ್ನೂ ಮುಗಿದಿರಲಿಲ್ಲ.

ಅದು ಮುಗಿದಾಗ ಹೃದಯ ತಾನಾಗಿ ಬಡಿಯಿತು. ಕವಾಟ ಸೋರಲಿಲ್ಲ. ಹೂ ಮಾರುವ ಹೆಂಗಸು ವಾರ ಕಳೆಯುವುದರೊಳಗೆ ಮನೆಗೆ ಹೋದಳು. ಹಬ್ಬದ ಹೊತ್ತಿಗೆ ಬುಟ್ಟಿ ಹೊತ್ತು ಆಸ್ಪತ್ರೆಗೇ ಬಂದಳು. ಹೆಸರು ಹಿಡಿದು ಒಬ್ಬೊಬ್ಬರನ್ನೂ ಕೇಳಿ, ಮೊಳ ಮೊಳ ಮಲ್ಲಿಗೆ ಕೊಟ್ಟಳು. ಯಂತ್ರ ನಡೆಸುವವನು ತನ್ನ ಮೊಳವನ್ನು ರೋಬೋಟಿನ ತೋಳಿಗೆ ಸುತ್ತಿದ. ಅವತ್ತು ಇಡೀ ದಿನ ಅದು ಹೂ ಮುಡಿದೇ ನಿಂತಿತ್ತು.

ಪದ್ಮಾವತಿಯವರು ಅಲ್ಲಿಗೆ ನಿಲ್ಲಿಸಿದರು.

ತಿಪ್ಪೇಶ ಮುಗುಳ್ನಗುತ್ತಿದ್ದವನು ಯೋಚನೆಗೆ ಬಿದ್ದ.

"ಆದರೆ ಮೇಡಂ, ಅವತ್ತು ಎರಡು ಸಲವೂ ಅಪಾಯವೇ ಇರಲಿಲ್ಲ. ಹೊಲಿಗೆಯೂ ಮುಗಿದಿರಲಿಲ್ಲ. ಪರೀಕ್ಷಕರು ಏನು ನೋಡಿ ಸಹಿ ಹಾಕಿದರು?"

"ಒಂದು ಸಲ ತಪ್ಪು ಹೇಳಿದ ನರ್ಸಿನ ಬಾಯಿ ಎರಡನೆಯ ಸಲವೂ ಅಂಜದೆ ತೆರೆಯಿತಲ್ಲ, ಅದನ್ನು," ಎಂದರು ಗುರುಗಳು.